ಎರಡು ಡಿಗ್ರಿಯ ಬೆಣೆ

ನವೆಂಬರ್ ೪, ೨೦೨೪, ಸೋಮವಾರ

ದೀಪಾವಳಿ ಮುಗಿಯಿತು. ಶಾಲೆಗೆ ಇನ್ನೂ ರಜೆ. ರಜೆ ಮುಗಿದ ಮೇಲೂ ಇಪ್ಪತ್ತನಾಲ್ಕನೇ ತಾರೀಖಿನವರೆಗೆ ಬರಲಾರೆ ಎಂದು ಅರ್ಜಿ ಕೊಟ್ಟಿದ್ದೇನೆ. ಒಂಬತ್ತನೇ ತರಗತಿಯ ರೇಖಾಗಣಿತ ಬೇರೆಯವರು ನೋಡಿಕೊಳ್ಳುತ್ತಾರೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅಭಿಮಾನ ಕಾರಣವಲ್ಲ. ಮರಾಠಿ ಸೀಮೆಯಲ್ಲಿರುವ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ಗಂಡ ಅಭಿಜಿತ ಕಲಿತದ್ದು ಮರಾಠಿ ಶಾಲೆಯಲ್ಲಿ, ಅತ್ತೆ ಶಾಲೆಗೇ ಹೋದವರಲ್ಲ. ನಾನು ಮೀರಜದ ಕಾನ್ವೆಂಟಿನವಳು. ಕನ್ನಡದ ಅಕ್ಷರಗಳನ್ನು ಅಥಣಿಯ ಅಜ್ಜ ಬೇಸಿಗೆ ರಜೆಯಲ್ಲಿ ಪಾಟಿಯ ಮೇಲೆ ತಿದ್ದಿಸಿದ್ದರು. ಹೀಗಾಗಿ ಈ ವಹಿಯನ್ನು ಮೇಜಿನ ಮೇಲೆ ತೆರೆದಿಟ್ಟರೂ ಯಾರೂ ಓದಲಾರರು.

ಆಗಸ್ಟಿನಲ್ಲಿ ಅಭಿಜಿತ ಅವರಿಗೆ ಲಕ್ವಾ ಹೊಡೆಯಿತು. ಬಲಗೈಯಲ್ಲಿ ಹಿಡಿತವಿಲ್ಲ. ಮಾತು ಕೆಟ್ಟಿದೆ. ಬುದ್ಧಿ ನೆಟ್ಟಗಿದೆ, ಪದ ಕೈಗೆ ಸಿಗುತ್ತಿಲ್ಲ ಅಷ್ಟೇ ಎನ್ನುತ್ತಾರೆ ಮಾತಿನ ಡಾಕ್ಟರು. ತಪ್ಪಿದ ಪದಗಳನ್ನೆಲ್ಲ ಬರೆದಿಡಲು ನನಗೆ ಹೇಳಿದ್ದಾರೆ. ಇವತ್ತಿನವು: ಚಹಾ ಬೇಕಾದಾಗ ‘ಚಾವಿ’. ಹೌದು ಅನ್ನಬೇಕಾದಲ್ಲಿ ‘ನಾಳೆ’. ಅವ್ವನನ್ನು ಕರೆಯಲು ಹೋಗಿ ‘ಓಂಕಾರ’. ಓಂಕಾರ ಅವರ ಶೆಡ್ಡಿನ ಫಿಟರ್, ಖಂಡೇರಾಜುರಿಯ ಮರಾಠಿಯವನು. ಅತ್ತೆಗೆ ನಗು ಬಂತು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿರುವ ಅವರ ಶೆಡ್ಡು ಅಣ್ಣತಮ್ಮ ಇಬ್ಬರ ಹೆಸರಿನಲ್ಲಿದೆ. ಮೈದುನ ಮಂದಾರ ನಿನ್ನೆ ಬಂದು ಕುಳಿತು, ಹೇಳಲೋ ಬೇಡವೋ ಎಂದು ಒದ್ದಾಡಿ, ಕಡೆಗೆ ಹೇಳಿದರು. ಟೈಲ್ಸ್ ವ್ಯಾಪಾರಿಯೊಬ್ಬರು ಶೆಡ್ಡನ್ನು ಗೋದಾಮಿಗೆ ಕೇಳುತ್ತಿದ್ದಾರಂತೆ. ಅವರಿಗೆ ಅತ್ತಿಗೆ ಎಂದರೆ ವಹಿನಿ, ಅಣ್ಣ ಎಂದರೆ ದಾದಾ. “ವಹಿನಿ, ಇರೂದು ಒಂದ ಗಾಡಿ. ಅದು ದಾದಾನ ಕೈಯಾಗಿಂದ ಚೊಲೋ ಆಗಿ ಹೊರಗ ಹೋತಂದ್ರ ನಾ ಮತ್ತ ಬಾಯಿ ತೆಗಿಯೂದಿಲ್ಲ. ಹೋಗಲಿಲ್ಲಂದ್ರ ಬಾಗಲಾ ಹಾಕಿಬಿಡೂಣು.”

ಅಭಿಜಿತ ಪಕ್ಕದಲ್ಲೇ ಇದ್ದರು. ಅವರು ಮಾಡುತ್ತ ಬಂದಿರುವುದು ಒಂದೇ ಕೆಲಸ, ಹಳೆಯ ಕಾರುಗಳಿಗೆ ಹೊಸ ಜೀವ ತುಂಬುವುದು. ಇಪ್ಪತ್ತಾರು ವರ್ಷದಿಂದ ಊರೆಲ್ಲ ಅವರನ್ನು ಮಿಸ್ತ್ರಿ ಎನ್ನುತ್ತದೆ. ಮಂದಾರ ಹೋದ ಮೇಲೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಬಾಗಿಲ ಕಡೆ ತೋರಿಸಿದರು. ಶೆಡ್ಡಿಗೆ ನಡೆ ಎಂದು.

ನವೆಂಬರ್ ೬, ಬುಧವಾರ

ಗಾಡಿ ಬೇಡಗದ ಭೂಷಣ ಚೌಗುಲೆಯವರದು. ಅವರ ತಂದೆ ಬಾಬಾಸಾಹೇಬರು ಕೊಂಡ ಎಪ್ಪತ್ನಾಲ್ಕರ ಅಂಬಾಸಿಡರ್. ಹೊರಗಿನ ರೂಪ ಹಾಗೆಯೇ ಇರಬೇಕು, ಒಳಗೆ ಹೊಸ ಕಾಲದ ಇಂಜಿನ್ ಮತ್ತು ಗೇರ್‌ಬಾಕ್ಸ್. ಪರವಾನಗಿಯ ಕಾಗದವೆಲ್ಲ ಆಗಿದೆ. ಮುದುಕರಿಗೆ ಎಂಬತ್ತೆರಡು, ಬೆನ್ನುಮೂಳೆ ಸವೆದಿದೆ. ತನ್ನದೇ ಗಾಡಿಯಲ್ಲಿ ಕುಳಿತು ಬಾಹುಬಲಿ ಕ್ಷೇತ್ರಕ್ಕೆ ಹೋಗಬೇಕೆಂಬ ಹಟ.

ಇಂಜಿನ್ ಕೂರಿಸಿ ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಮಾಡಿದ ಹಂತದಲ್ಲಿ ಅಭಿಜಿತ ಬಿದ್ದರು. ಉಳಿದಿರುವುದು ಕೋನಗಳ ಕೆಲಸ. ಗೇರ್‌ಬಾಕ್ಸಿನ ಬಾಲದಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಉದ್ದನೆಯ ಶಾಫ್ಟ್ ಹೋಗುತ್ತದೆ, ಅದರ ಎರಡೂ ತುದಿಯಲ್ಲಿ ಒಂದೊಂದು ಜಾಯಿಂಟ್. ಗೋಡೆಯ ಮೇಲೆ ಜುಲೈಯಲ್ಲಿ ಅವರೇ ಸೀಮೆಸುಣ್ಣದಲ್ಲಿ ಬರೆದದ್ದು ಹಾಗೆಯೇ ಇದೆ: ೩ – ೩. ಮುಂದೆ ಮೂರು ಡಿಗ್ರಿ, ಹಿಂದೆ ಮೂರು.

ನನಗೆ ಅನ್ನಿಸಿದ್ದು, ಎಲ್ಲವನ್ನೂ ಒಂದೇ ಗೆರೆಯಲ್ಲಿ ತಂದರೆ ಒಳ್ಳೆಯದಲ್ಲವೇ? ಶಾಫ್ಟ್ ನೇರವಾಗಿದ್ದರೆ ಯಾವ ಜಾಯಿಂಟಿಗೂ ಬಾಗುವ ಕಷ್ಟವಿಲ್ಲ. ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

“ನೆಟ್ಟಗ... ನಕೋ.”

“ಯಾಕ್ರಿ? ನೆಟ್ಟಗಿದ್ರ ಚೊಲೋ ಅಲ್ಲೇನು?”

ಎಡಗೈಯಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರು. ಮುಂದೆ ಒಂದು ಗೆರೆ, ಹಿಂದೆ ಒಂದು ಗೆರೆ, ಎರಡೂ ಸಮಾಂತರ, ನಡುವೆ ಓರೆಯಾದ ಒಂದು ಗೆರೆ. ಮುಂದಿನ ಜಾಯಿಂಟ್ ಎಷ್ಟು ಬಾಗುತ್ತದೋ ಹಿಂದಿನದೂ ಅಷ್ಟೇ ಬಾಗಬೇಕು. ಒಂದರ ಕುಲುಕಾಟವನ್ನು ಇನ್ನೊಂದು ನುಂಗುತ್ತದೆ. ಸ್ವಲ್ಪವೂ ಬಾಗದಿದ್ದರೆ? ಹಳೆಯ ಜಾಯಿಂಟೊಂದನ್ನು ಬಿಚ್ಚಿ ಒಳಗಿನ ಸೂಜಿಯಂಥ ಉರುಳೆಗಳನ್ನು ತೋರಿಸಿದರು. ಉರುಳದೆ ಒಂದೇ ಕಡೆ ಕೂತು ಕೂತು ಕಬ್ಬಿಣದಲ್ಲಿ ಗೀರು ಮೂಡಿಸಿದ್ದವು.

ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ನೋಡಿದೆ. ಅವರು ಹೇಳಿದ್ದೇ ಸರಿ. ಸರಿ ಎಂದು ತಿಳಿದು ಸಮಾಧಾನವಾಯಿತು, ನೋಡಿದ್ದಕ್ಕೆ ನಾಚಿಕೆಯೂ ಆಯಿತು. ಆಗಸ್ಟಿಗೆ ಮೊದಲು ಅವರು ಹೇಳಿದ್ದನ್ನು ಹೀಗೆ ಪರೀಕ್ಷಿಸುತ್ತಿದ್ದೆನೇ?

ತಪ್ಪಿದ ಪದಗಳು: ಸುತ್ತಿಗೆಗೆ ‘ಸುಪಾರಿ’. ಭೂಷಣ ಅವರಿಗೆ ‘ಭಾಕ್ರಿ’.

ನವೆಂಬರ್ ೯, ಶನಿವಾರ

ಕೆಟ್ಟ ದಿನ.

ಓಂಕಾರ ಇವತ್ತು ರಜೆ. ನಾವಿಬ್ಬರೇ. ಗಾಡಿಯನ್ನು ಚಾಸಿಗೆ ನಾಲ್ಕು ಘೋಡಿ, ಎಂದರೆ ಕಬ್ಬಿಣದ ಸ್ಟ್ಯಾಂಡು, ಕೊಟ್ಟು ಮೇಲೆ ನಿಲ್ಲಿಸಲಾಗಿತ್ತು, ಚಕ್ರಗಳು ಗಾಳಿಯಲ್ಲಿ. ಕೋನ ಅಳೆಯುವ ಚಿಕ್ಕ ಪೆಟ್ಟಿಗೆಯೊಂದಿದೆ, ಕಬ್ಬಿಣಕ್ಕೆ ಅಂಟಿಕೊಂಡು ಅಂಕಿ ತೋರಿಸುತ್ತದೆ. ಅದನ್ನು ಹಿಡಿದು ನಾನು ಕೆಳಗೆ ನುಸುಳಲು ಹೊರಟಾಗ ಅಭಿಜಿತ ತಡೆದರು.

“ಗಾಡಿ... ಖಾಲಿ.”

“ಖಾಲಿನೇ ಐತಲ್ರಿ. ಯಾರೂ ಕುಂತಿಲ್ಲ.”

“ಖಾಲಿ ಬೇಕು. ಖಾಲಿ!”

ಕೈಯನ್ನು ಕೆಳಗೆ ಒತ್ತಿ ತೋರಿಸಿದರು. ಸಾಮಾನು ಇಳಿಸು ಎಂದಿರಬೇಕು ಎಂದುಕೊಂಡೆ. ಸ್ಟೆಪ್ನಿ ಇಳಿಸಿದೆ. ಟೂಲ್ ಪೆಟ್ಟಿಗೆ ಇಳಿಸಿದೆ. ಹಿಂದಿನ ಸೀಟನ್ನು ಕಿತ್ತು ಎಳೆದು ಹೊರಗೆ ತಂದೆ. ಉಸಿರು ಹತ್ತಿತು.

“ಆತೇನ್ರಿ?”

“ನಾಹೀ! ಖಾಲಿ, ಖಾಲಿ!”

ಪೆಟ್ರೋಲನ್ನೂ ಡಬ್ಬಿಗೆ ಇಳಿಸಿದೆ. ಬಾಗಿಲ ಪಾಕೀಟಿನಲ್ಲಿದ್ದ ಹಳೆಯ ನಕಾಶೆ, ಒಂದು ಛತ್ರಿ, ಎಲ್ಲವನ್ನೂ. ಛತ್ರಿ ಹೊರಗೆ ಬಂದದ್ದನ್ನು ನೋಡಿ ಅವರು ಹಣೆ ಹಣೆ ಬಡಿದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತರು.

ಒಬ್ಬಳೇ ಅಳೆದೆ. ಗೇರ್‌ಬಾಕ್ಸ್ ಮೂರು ಡಿಗ್ರಿ, ಗೋಡೆಯ ಮೇಲಿರುವಂತೆಯೇ. ಡಿಫರೆನ್ಷಿಯಲ್ ಐದು. ನಾಲ್ಕು ಸಲ ಅಳೆದೆ, ಐದೇ. ಮೂರು ಆಗಬೇಕಿದ್ದಲ್ಲಿ ಐದು! ಜುಲೈಯಲ್ಲೇ ಅವರ ತಲೆಯೊಳಗೆ ಏನಾದರೂ ಶುರುವಾಗಿತ್ತೇ? ಆಗ ನಾನು ಗಮನಿಸಲಿಲ್ಲವೇ?

ತಪ್ಪಿದ ಪದ: ‘ಖಾಲಿ’. ಎಂಟೋ ಹತ್ತೋ ಸಲ. ಒಂದೇ ಪದ ನಾಲಿಗೆಗೆ ಅಂಟಿಕೊಳ್ಳುವುದು ಒಳ್ಳೆಯ ಲಕ್ಷಣವಲ್ಲ ಎಂದು ಡಾಕ್ಟರು ಹೇಳಿದ್ದರು. ಅವರಿಗೆ ತಿಳಿಸಬೇಕು.

ನವೆಂಬರ್ ೧೦, ಭಾನುವಾರ

ಓಂಕಾರನಿಂದ ಎರಡು ಡಿಗ್ರಿಯ ಬೆಣೆ ಮಾಡಿಸಿದೆ. ಪಾಟಾ ಸ್ಪ್ರಿಂಗಿಗೂ ಹಿಂದಿನ ಅಚ್ಚಿಗೂ ನಡುವೆ ಕೂರಿಸಿದ. ಐದು ಮೂರಾಯಿತು. “ಬಾಯಿ, ಮಿಸ್ತ್ರೀಂನಾ ವಿಚಾರಲಂ ಕಾ?” ಎಂದು ಒಮ್ಮೆ ಕೇಳಿದ, ಟೀಚರಮ್ಮ, ಮಿಸ್ತ್ರಿಯನ್ನು ಕೇಳಿದಿರಾ ಎಂದು. ಹೂಂ ಎಂದೆ. ಅಳೆದದ್ದು ಹೇಗೆ ಎಂದು ಅವನು ಕೇಳಲಿಲ್ಲ. ಗಣಿತದ ಟೀಚರಮ್ಮ ಅಳೆದದ್ದನ್ನು ಯಾರು ಪ್ರಶ್ನಿಸುತ್ತಾರೆ?

ಅಭಿಜಿತ ಅವರಿಗೆ ಬೆಣೆಯ ವಿಷಯ ಹೇಳಲಿಲ್ಲ. ಅವರ ಅಂಕಿ ತಪ್ಪಿತ್ತು ಎಂದು ಗೊತ್ತಾದರೆ ನೊಂದುಕೊಳ್ಳುತ್ತಾರೆ ಎಂದು. ಅಥವಾ ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ನವೆಂಬರ್ ೧೬, ಶನಿವಾರ

ವಾರವಿಡೀ ವೆಲ್ಡಿಂಗ್, ವೈರಿಂಗ್. ಬರೆಯಲು ಆಗಲಿಲ್ಲ.

ಇವತ್ತು ಗಾಡಿ ರಸ್ತೆಗಿಳಿಯಿತು. ಬಾಬಾಸಾಹೇಬರು ರೇಷ್ಮೆಯ ರುಮಾಲು ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಭೂಷಣ ಓಡಿಸಿದರು, ಪಕ್ಕದಲ್ಲಿ ಅಭಿಜಿತ. ನಾನು ಬಾಬಾಸಾಹೇಬರ ಪಕ್ಕ. ಮಂದಾರ ತಮ್ಮ ಬೈಕಿನಲ್ಲಿ ಹಿಂದೆ.

ಐವತ್ತರವರೆಗೆ ಬೆಣ್ಣೆ. ಬೇಡಗದ ರಸ್ತೆ ಬಯಲಿಗೆ ಬಿದ್ದ ಮೇಲೆ ಭೂಷಣ ವೇಗ ಹೆಚ್ಚಿಸಿದರು. ಅರವತ್ತು ದಾಟಿದ್ದೇ ತಳದಿಂದ ಘೂಂ ಎಂಬ ಸದ್ದು ಎದ್ದಿತು. ನೆಲ ನಡುಗಿತು, ಸೀಟು ನಡುಗಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಂಡಿತು. ವೇಗ ಇಳಿಸಿದರೆ ನಿಲ್ಲುತ್ತದೆ, ಏರಿಸಿದರೆ ಮತ್ತೆ.

ಶೆಡ್ಡಿಗೆ ಮರಳಿ ಬಾಬಾಸಾಹೇಬರು ಮಗನ ಭುಜ ಹಿಡಿದು ಇಳಿದರು. “ಮಿಸ್ತ್ರಿ, ಬೆನ್ನಾಗ ಮಣಿ ಎಷ್ಟ ಅದಾವಂತ ಇಷ್ಟ ವರ್ಷ ಗೊತ್ತಿರಲಿಲ್ಲ. ಇವತ್ತ ಒಂದೊಂದ ಎಣಿಸಿ ಬಂದೆ ನೋಡ್ರಿ.” ನಕ್ಕರು, ಆದರೆ ಸೊಂಟದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಭೂಷಣ ಸಭ್ಯರು. “ಕೊಲ್ಹಾಪುರದಾಗ ಒಬ್ಬ ಮಿಸ್ತ್ರಿಗೆ ತೋರಸ್ರಿ ಅಂತಾರ ಮಂದಿ. ಎಂಟ ದಿನ ನೋಡ್ತೇನಿ ವಹಿನಿ,” ಎಂದರು.

ಮಂದಾರ ನನ್ನನ್ನು ಬದಿಗೆ ಕರೆದರು. ದನಿ ತಗ್ಗಿಸಲು ಮರೆತರು. “ದಾದಾ ಅಂದ್ರ ನನಗೂ ಜೀವ. ಆದ್ರ ಆಂವ ಗ್ವಾಡಿ ಮ್ಯಾಲೆ ಬರದದ್ದ ಈಗ ಯಾರ ನಂಬೂದು? ಆಂವನ ತಲ್ಯಾಗ ಏನ ಉಳದದ, ಏನ ಹೋಗ್ಯದ, ಡಾಕ್ಟರಗರೆ ಎಲ್ಲಿ ಗೊತ್ತದ?”

ಅಭಿಜಿತ ಕೇಳಿಸಿಕೊಂಡರು. ಎದ್ದು ಗೋಡೆಯ ಬಳಿ ಹೋಗಿ ತಮ್ಮದೇ ಅಕ್ಷರವನ್ನು ತುಂಬ ಹೊತ್ತು ನೋಡುತ್ತ ನಿಂತರು. ಆಮೇಲೆ ಅಂಗೈಯಿಂದ ಒರೆಸಿಬಿಟ್ಟರು.

ಹಿಂದಿನ ಕೋನ ಈಗ ಅವರದಲ್ಲ, ನನ್ನ ಬೆಣೆಯದು ಎಂಬುದನ್ನು ಬಚ್ಚಿಟ್ಟುಕೊಂಡೆ.

ನವೆಂಬರ್ ೧೭, ಭಾನುವಾರ

ಅವರು ಶೆಡ್ಡಿಗೆ ಬರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ನವೆಂಬರ್ ೧೯, ಮಂಗಳವಾರ

ಇವತ್ತೂ ಬರಲಿಲ್ಲ. ಶಾಫ್ಟನ್ನು ಲೇಥಿನವರ ಬಳಿ ಕೊಟ್ಟು ತೂಕ ಸರಿಯಿದೆಯೇ ನೋಡಿಸಿದೆ. ಸರಿಯಿದೆ. ಜಾಯಿಂಟುಗಳು ಹೊಸವು. ಚಕ್ರಗಳಲ್ಲಿ ದೋಷವಿಲ್ಲ. ಉಳಿದದ್ದು ಕೋನ. ಕೋನವೂ ಸರಿಯಿದೆ, ನಾನೇ ಅಳೆದದ್ದು: ಮೂರು, ಮೂರು.

ಮಧ್ಯಾಹ್ನ ಟೈಲ್ಸಿನವರು ಟೇಪು ಹಿಡಿದು ಬಂದರು. ಎಷ್ಟು ಸಾಲು ನಿಲ್ಲಿಸಬಹುದು ಎಂದು ಗೋಡೆಯಿಂದ ಗೋಡೆಗೆ ಎಳೆದರು. ಟೇಪಿನ ಇನ್ನೊಂದು ತುದಿ ಹಿಡಿಯಲು ನನಗೇ ಹೇಳಿದರು. ಹಿಡಿದೆ. ಯಾಕೆ ಹಿಡಿದೆ?

ಒಂದು ಮಾತು ಪ್ರಾಮಾಣಿಕವಾಗಿ ಬರೆಯಬೇಕು. ಅವರ ಅಂಕಿ ತಪ್ಪು ಎಂದು ನಾನು ನಂಬಿದ್ದು ಐದು ಕಂಡಾಗಲ್ಲ. ಅದಕ್ಕೂ ಮೊದಲು, ಛತ್ರಿ ಇಳಿಸುವಾಗ. ಪದ ತಪ್ಪಾಗಿ ಬಂದರೆ ಅದರ ಹಿಂದಿನ ವಿಚಾರವೂ ತಪ್ಪೇ ಎಂದು ಯಾವಾಗ ತೀರ್ಮಾನಿಸಿದೆ? ಮಕ್ಕಳ ಉತ್ತರಪತ್ರಿಕೆಯಲ್ಲಿ ಕೂಡ ಕೊನೆಯ ಉತ್ತರ ತಪ್ಪಿದ್ದರೆ ಹೆಜ್ಜೆಗಳಿಗೆ ಅಂಕ ಕೊಡುತ್ತೇನೆ.

ನವೆಂಬರ್ ೨೨, ಶುಕ್ರವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಗ್ಯಾಸಿನವನು ಬಂದ. ನಮ್ಮದು ಎರಡನೇ ಮಹಡಿ. ಅತ್ತೆ ಕಿಟಕಿಯಿಂದ ನೋಡಿ ಕೂಗಿದರು: “ಸಂಪದಾ, ಸಿಲಿಂಡರ ಖಾಲಿ ಇಡವಾ, ಆಂವ ನಿಂತಾನ.”

“ಖಾಲಿನೇ ಐತ್ರಿ ಅತ್ತಿ. ನಿನ್ನೆ ಸಂಜಿಗೇ ತೀರೇತಿ.”

“ತೀರಿದ್ದು ಗೊತ್ತೈತಿ. ಖಾಲಿ ಇಡು!”

“ಖಾಲಿನೇ ಅಂತ ಹೇಳಾಕತ್ತೇನ್ರಿ!”

“ಅಯ್ಯ ನಿನ್ನ! ಖಾಲಿ! ಮೆಟ್ಟಲದ ಬುಡಕ! ಆಂವ ಮ್ಯಾಲೆ ಬರೂದಿಲ್ಲಂತ, ಕಾಲ ನೋಯ್ತಾವಂತ. ಇಂಗ್ಲೀಷ ಸಾಲಿ ಕಲ್ತಾಳ, ಖಾಲಿ ಯಾವದು ಮ್ಯಾಲ ಯಾವದು ತಿಳಿವಲ್ಲದು ಹುಡಿಗಿಗೆ.”

ಬರಿದಾದ ಸಿಲಿಂಡರಿನ ಹಿಡಿ ಕೈಯಲ್ಲೇ ಇತ್ತು. ನಾನು ಅಲ್ಲೇ ನಿಂತೆ.

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಬರಿದು ಎನ್ನಲು ಮರಾಠಿಯವರು ರಿಕಾಮಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ಗೊತ್ತಿರುವ ಮಾತು. ದಿನಕ್ಕೆ ಹತ್ತು ಸಲ ನಾನೇ ಆಡುತ್ತೇನೆ. ಆದರೆ ಆಗಸ್ಟಿಗೆ ಮೊದಲು ಅಭಿಜಿತ ನನ್ನ ಜೊತೆ ಯಾವತ್ತೂ ಕನ್ನಡವೇ. ಈಗ ನಕೋ, ನಾಹೀ ನುಸುಳುತ್ತಿದ್ದುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ‘ಗಾಡಿ ಖಾಲಿ ಬೇಕು’ ಎಂದಾಗ ಉಳಿದೆರಡೂ ಕನ್ನಡದ ಪದ. ನಡುವಿನದು ಮರಾಠಿಯಿಂದ ಬಂದು ಕೂತಿತ್ತು. ಗಾಡಿ ಕೆಳಗೆ ಬೇಕು. ಘೋಡಿಯಿಂದ ಇಳಿದು ತನ್ನ ಚಕ್ರಗಳ ಮೇಲೆ, ತನ್ನ ಪೂರ್ತಿ ಭಾರ ಹೊತ್ತು ನಿಂತಿರಬೇಕು. ಆಗ ಅಳೆ. ಅಂದು ಓಂಕಾರ ಇದ್ದಿದ್ದರೆ ಒಂದೇ ಸಲಕ್ಕೆ ತಿಳಿಯುತ್ತಿತ್ತು. ಅವನಿಗೆ ಕನ್ನಡ ಬಾರದು.

ಕೋಣೆಗೆ ಓಡಿದೆ. ಅವರು ಮಲಗಿಯೇ ಇದ್ದರು.

“ಏನ್ರಿ, ಖಾಲಿ ಅಂದ್ರ ಕೆಳಗ? ನೆಲದ ಮ್ಯಾಲೆ?”

ನಿಧಾನವಾಗಿ ನನ್ನ ಕಡೆ ತಿರುಗಿದರು. ಹದಿಮೂರು ದಿನ ತಡವಾಗಿ ಉತ್ತರ ಕೊಟ್ಟ ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದರು.

“ಮತ್ತ?” ಎಂದರು.

ಶೆಡ್ಡಿಗೆ ಹೋದೆವು. ಗಾಡಿ ನೆಲದ ಮೇಲೆ, ಪೆಟ್ರೋಲು ಪೂರ್ತಿ, ಸೀಟು, ಸ್ಟೆಪ್ನಿ ಎಲ್ಲ ಒಳಗೆ. ಹಿಂದೆ ಓಂಕಾರನನ್ನು ಕೂರಿಸಿ ಕೆಳಗೆ ನುಸುಳಿದೆ. ಗೇರ್‌ಬಾಕ್ಸ್ ಮೂರು. ಡಿಫರೆನ್ಷಿಯಲ್ ಒಂದು. ಘೋಡಿಯ ಮೇಲಿದ್ದಾಗ ಅಚ್ಚು ಜೋತುಬಿದ್ದು ಅದರ ಮೂತಿ ಎರಡು ಡಿಗ್ರಿ ಮೇಲೆದ್ದಿತ್ತು. ಆ ಐದನ್ನು ನಾನು ಮೂರು ಮಾಡಿದ್ದೆ. ಭಾರ ಬಿದ್ದಾಗ ತಾನಾಗಿಯೇ ಮೂರಕ್ಕೆ ಬರಬೇಕಿದ್ದದ್ದು ನನ್ನ ಬೆಣೆಯಿಂದ ಒಂದಕ್ಕೆ ಇಳಿದಿತ್ತು.

ಕೆಳಗೆ ಮಲಗಿದಲ್ಲಿಂದಲೇ ಹೇಳಿದೆ. “ಬೆಣಿ ನಾ ಹಾಕಿಸೀನ್ರಿ. ನಿಮಗ ಹೇಳಲಿಲ್ಲ.”

ಕೆಳಗಿನಿಂದ ಅವರ ಚಪ್ಪಲಿ ಮಾತ್ರ ಕಾಣುತ್ತಿದ್ದವು. ಚಪ್ಪಲಿಗಳು ದೂರ ಹೋದವು. ಬಾಗಿಲವರೆಗೆ. ಹೊರಟೇ ಹೋದರು ಎಂದುಕೊಂಡೆ. ಮರಳಿ ಬಂದವು. ಕೈಯೊಂದು ಕೆಳಗೆ ಬಂತು, ಅದರಲ್ಲಿ ಬೆಣೆಯ ಬೋಲ್ಟು ಬಿಚ್ಚುವ ಪಾನಾ ಇತ್ತು.

ನವೆಂಬರ್ ೨೩, ಶನಿವಾರ

ಬೆಣೆ ತೆಗೆದೆವು. ನಾನು ಕೆಳಗೆ, ಅವರು ಸ್ಟೂಲಿನ ಮೇಲೆ. ‘ಚಾವಿ’ ಎಂದರು, ಟಾರ್ಚು ಕೊಟ್ಟೆ. ಬೇಕಾಗಿದ್ದದ್ದು ಟಾರ್ಚೇ. ಸಂಜೆ ನಾಲ್ಕು ಜನರನ್ನು ಕೂರಿಸಿ ಒಮ್ಮೆ, ಕಡಿಮೆ ಭಾರಕ್ಕೆ ಒಮ್ಮೆ ಅಳೆದೆವು. ಎರಡರ ನಡುವೆ ಡಿಫರೆನ್ಷಿಯಲಿನ ಅಂಕಿ ಮೂರು. ಗೇರ್‌ಬಾಕ್ಸ್ ಮೂರು.

ನಾಳೆ ಎಲ್ಲರೂ ಬರುತ್ತಾರೆ. ಮಂದಾರರಿಗೂ ಭೂಷಣರಿಗೂ ನಾನೇ ಹೇಳಬೇಕು, ಯಾರ ತಪ್ಪು ಎಂದು. ವಾಕ್ಯಗಳನ್ನು ಜೋಡಿಸಿಕೊಂಡಿದ್ದೇನೆ. ತರಗತಿಯಲ್ಲಿ ಸಾವಿರ ಸಲ ಮಕ್ಕಳಿಗೆ ಹೇಳಿದ್ದೇನೆ, ತಪ್ಪನ್ನು ಒಪ್ಪಿಕೊಂಡರೆ ದೊಡ್ಡವರಾಗುತ್ತೀರಿ ಎಂದು. ಎಷ್ಟು ಸುಲಭವಾಗಿ ಹೇಳಿದ್ದೆ!

ನವೆಂಬರ್ ೨೪, ಭಾನುವಾರ

ಅರವತ್ತು. ಎಪ್ಪತ್ತು. ಎಂಬತ್ತು. ಬೇಡಗ ದಾಟಿ ಆಚೆ ಹೋದರೂ ತಳದಿಂದ ಸದ್ದಿಲ್ಲ. ಅಭಿಜಿತ ಎಡ ಅಂಗೈಯನ್ನು ಗಾಡಿಯ ನೆಲದ ಮೇಲೆ ಒತ್ತಿಟ್ಟುಕೊಂಡೇ ಕುಳಿತಿದ್ದರು, ಜ್ವರ ಬಂದ ಮಗುವಿನ ಹಣೆ ನೋಡುವಂತೆ. ಶೆಡ್ಡಿಗೆ ಮರಳಿದಾಗ ಬಾಬಾಸಾಹೇಬರು ಬಾಯಿ ತೆರೆದು ನಿದ್ದೆ ಹೋಗಿದ್ದರು. ರುಮಾಲು ಕಣ್ಣ ಮೇಲೆ ಜಾರಿತ್ತು.

ಭೂಷಣ ಬಾನೆಟ್ಟಿನ ಮೇಲೆ ಕೈಯಾಡಿಸಿದರು. “ಏನ ಬಿಘಾಡ ಇತ್ತು ಹಂಗಾರ?”

ಮಂದಾರ ಪಕ್ಕದಲ್ಲೇ ಇದ್ದರು. ನಾನು ಜೋಡಿಸಿಟ್ಟ ಮೊದಲ ವಾಕ್ಯಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಭಿಜಿತ ಎಡಗೈ ಎತ್ತಿದರು.

“ಚೂಕ ಮಾಝೀ,” ಎಂದರು. ತಪ್ಪು ನನ್ನದು. ಮತ್ತೆ ನನ್ನ ಕಡೆ ಬೊಟ್ಟು ಮಾಡಿ, “ಕಾರಾಗೀರ ಮಾಝೀ ಆಹೇ.”

ಕೆಲಸಗಾರ್ತಿ ನನ್ನವಳು. ಹಾಗಾಗಿ ತಪ್ಪೂ ನನ್ನದು. ಎಷ್ಟೋ ಹುಡುಗರ ಪರವಾಗಿ ಗಿರಾಕಿಗಳ ಮುಂದೆ ಅವರು ಈ ಮಾತು ಹೇಳಿದ್ದನ್ನು ಕೇಳಿದ್ದೇನೆ. ಈ ಶೆಡ್ಡಿನಿಂದ ಹೊರಗೆ ಹೋದದ್ದಕ್ಕೆಲ್ಲ ಮಿಸ್ತ್ರಿ ಒಬ್ಬನೇ ಜವಾಬ್ದಾರ.

“ಅಲ್ರಿ,” ಎಂದು ಮಂದಾರರ ಕಡೆ ತಿರುಗಿದೆ. “ಭಾವೂಜಿ, ನಿಮ್ಮ ದಾದಾ ಜುಲೈದಾಗ ಬರದದ್ದ ಸರಿ ಇತ್ತು. ಆವತ್ತ ಹೆಂಗ ಅಳೀಬೇಕಂತ ಹೇಳಿದ್ದೂ ಸರಿ ಇತ್ತು. ತಿಳಿಲಿಲ್ಲ ನನಗ. ತಿಳಿದಾಕಿ ಹಂಗ ಮಾಡಿದೆ. ಗಾಡಿ ಕೆಡಸಿದಾಕಿ ನಾನು.”

ಹಿಂದಿನ ಸೀಟಿನಿಂದ ಬಾಬಾಸಾಹೇಬರ ದನಿ ಬಂತು. “ತಪ್ಪ ನಂದು, ಇಲ್ಲ ನಂದು ಅಂತ ಗಂಡಾಹೆಂಡತಿ ಜಗಳಾಡೂದು ಎಂಬತ್ತೆರಡ ವರ್ಷಕ್ಕ ಇವತ್ತ ಕೇಳಿದೆ. ಭೂಷ್ಯಾ, ಗಾಡಿ ಯಾಕ ನಿಲ್ಲಿಸೀದಿ? ಹೊಡಿ. ಬಾಹುಬಲಿ ಇನ್ನ ಬಂದಿಲ್ಲ.”

ಚೌಗುಲೆಯವರು ಹೊರಟುಹೋದ ಮೇಲೆ ಶೆಡ್ಡು ದೊಡ್ಡದಾಗಿ ಕಂಡಿತು. ನಾನು ಸಾಮಾನು ಎತ್ತಿಡತೊಡಗಿದೆ. ಹದಿನೇಳರ ಪಾನಾವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೇ ತಡ, ಅಭಿಜಿತ ಸ್ಟೂಲಿನಿಂದ ಎದ್ದರು. ಎಣ್ಣೆ ಒರೆಸದೆ ತೂಗುಹಾಕಿದ್ದೆ. ಬೈದರು. ಕನ್ನಡದಲ್ಲಿ ಶುರುವಾಗಿ, ಮರಾಠಿಗೆ ಜಿಗಿದು, ನಡುವೆ ಯಾವ ಭಾಷೆಯಲ್ಲೂ ಇಲ್ಲದ ಎರಡು ಪದ ಹೊರಳಿಸಿ, ಪಾನಾಗಳಿಗೂ ನನಗೂ ನನ್ನ ಶಾಲೆಗೂ ಸೇರಿಸಿ ಬೈದರು. ಓಂಕಾರ ತಲೆ ತಗ್ಗಿಸಿ ನಿಂತ.

ಕಾಲೇಜಿನ ದಿನಗಳಲ್ಲಿ ಮಂದಾರ ಎರಡು ವರ್ಷ ಇಲ್ಲೇ ಅಣ್ಣನ ಕೈಕೆಳಗೆ ದುಡಿದವರು. ಅವರನ್ನು ಯಾರೂ ಬೈದಿರಲಿಲ್ಲ. ಆದರೂ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಬಾಕಿನ ಮೇಲಿನ ಚಿಂದಿ ತೆಗೆದುಕೊಂಡು, ಉಳಿದ ಪಾನಾಗಳನ್ನು ಒಂದೊಂದಾಗಿ ಒರೆಸತೊಡಗಿದರು. ಐದಾರು ಒರೆಸಿದ ಮೇಲೆ, ತಲೆ ಎತ್ತದೆ ಕೇಳಿದರು:

“ವಹಿನಿ, ಆ ಟೈಲ್ಸಿನವರಿಗೆ ಏನ ಹೇಳ್ಲಿ?”

“ನನ್ನ ಯಾಕ ಕೇಳ್ತೀರಿ,” ಎಂದೆ. “ಮಿಸ್ತ್ರಿನ್ನ ಕೇಳ್ರಿ.”